ಕೋಳಿಮಾಂಸಕ್ಕೆ ಖಾದ್ಯ ಲೇಪನ

ತಿನ್ನಲು ಯೋಗ್ಯವಾದ ನೈಸರ್ಗಿಕ ವಸ್ತುವಿನ ತೆಳುಪೊರೆಯನ್ನು ಹಸಿ ಕೋಳಿಮಾಂಸದ ಮೇಲೆ ಹಚ್ಚಿ, ಅದು ಕೆಡುವುದನ್ನು ನಿಧಾನಗೊಳಿಸುವ ವಿಧಾನ. ಪೊರೆ ಮಾಂಸದೊಡನೆಯೇ ಬೇಯುವುದರಿಂದ ಸುಲಿದು ತೆಗೆಯಬೇಕಿಲ್ಲ.

ಕೋಳಿಮಾಂಸದಲ್ಲಿ ಮುಕ್ಕಾಲು ಪಾಲು ನೀರು. ಪಿಎಚ್ ಎದೆಭಾಗದಲ್ಲಿ 6ರ ಆಸುಪಾಸಿನಲ್ಲಿದ್ದರೆ ತೊಡೆಯಲ್ಲಿ ತುಸು ಹೆಚ್ಚು. ಹೀಗಾಗಿ ತೊಡೆ ಬೇಗ ಕೆಡುತ್ತದೆ. ಫ್ರಿಜ್ಜಿನಲ್ಲಿಟ್ಟರೂ ಚಳಿಗೆ ಒಗ್ಗಿದ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಗಳು ಬೆಳೆಯುತ್ತಲೇ ಇರುತ್ತವೆ. ಒಂದು ಗ್ರಾಂ ಮಾಂಸದಲ್ಲಿ ಅವುಗಳ ಸಂಖ್ಯೆ ಕೋಟಿ ದಾಟುವ ಹೊತ್ತಿಗೆ ದುರ್ವಾಸನೆ ಏಳುತ್ತದೆ, ಅದರ ಹಿಂದೆಯೇ ಲೋಳೆ. ಕೋಳಿಯ ಕೊಬ್ಬಿನಲ್ಲಿ ಅಪರ್ಯಾಪ್ತ ಕೊಬ್ಬಿನಾಮ್ಲಗಳು ಹೆಚ್ಚಿರುವುದರಿಂದ ಗಾಳಿ ತಾಗಿ ಕಮಟು ಹಿಡಿಯುವುದು ಇನ್ನೊಂದು ತೊಂದರೆ.

ಲೇಪನಗಳಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು ಕೈಟೋಸಾನ್. ಸೀಗಡಿ, ಏಡಿಗಳ ಚಿಪ್ಪಿನಲ್ಲಿರುವ ಕೈಟಿನ್ ಅನ್ನು ಕ್ಷಾರದಲ್ಲಿ ಸಂಸ್ಕರಿಸಿ ಇದನ್ನು ತಯಾರಿಸುತ್ತಾರೆ. ಬರಿಯ ನೀರಿನಲ್ಲಿ ಇದು ಕರಗದು. ಶೇ. 1ರಷ್ಟು ಅಸಿಟಿಕ್ ಆಮ್ಲ ಬೆರೆತ ನೀರಿನಲ್ಲಿ ಕರಗಿಸಿ, ಮಾಂಸದ ತುಂಡುಗಳನ್ನು ಅದ್ದಿ ಬಸಿದು ತಂಪಿನಲ್ಲಿಡುವುದು ವಾಡಿಕೆ. ಆಮ್ಲದಲ್ಲಿ ಕೈಟೋಸಾನ್ ಧನ ವಿದ್ಯುದಂಶ ತಳೆಯುತ್ತದೆ. ಬ್ಯಾಕ್ಟೀರಿಯದ ಹೊರಮೈಯಲ್ಲಿರುವುದು ಋಣ ವಿದ್ಯುದಂಶ. ಎರಡೂ ಅಂಟಿಕೊಂಡಾಗ ಕೋಶದ ಪೊರೆ ಸಡಿಲಗೊಂಡು ಒಳಗಿನ ವಸ್ತು ಸೋರಿಹೋಗುತ್ತದೆ.

ಕಂದು ಕಡಲಕಳೆಯಿಂದ ಬರುವ ಆಲ್ಜಿನೇಟ್‌ಗೆ ಈ ಶಕ್ತಿ ಅಷ್ಟಾಗಿ ಇಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ತಾಗಿದೊಡನೆ ಗಟ್ಟಿಯಾಗುವ ಅದರ ಪೊರೆಯಲ್ಲಿ ಲವಂಗ, ಚಕ್ಕೆ, ಓರೆಗಾನೊ ಎಣ್ಣೆಗಳನ್ನು ಹುದುಗಿಸುತ್ತಾರೆ. ಜೆಲಟಿನ್, ಹಾಲೊಡಕಿನ ಪ್ರೋಟೀನ್‌ಗಳೂ ಬಳಕೆಯಲ್ಲಿವೆ. ಇವೆಲ್ಲ ಆಮ್ಲಜನಕವನ್ನು ಚೆನ್ನಾಗಿ ತಡೆದರೂ ನೀರಾವಿಯನ್ನು ತಡೆಯಲಾರವು. ಅದಕ್ಕಾಗಿ ಜೇನುಮೇಣದಂಥ ಜಿಡ್ಡನ್ನು ಸೇರಿಸುವುದುಂಟು. ಪೊರೆಗೆ ಬೆರೆಸುವ ಬ್ಯಾಕ್ಟೀರಿಯನಾಶಕಗಳಲ್ಲಿ ಹುದುಗು ಬ್ಯಾಕ್ಟೀರಿಯದಿಂದ ದೊರೆಯುವ ನೈಸಿನ್ ಹೆಸರುವಾಸಿಯಾದರೂ ಕೋಳಿಯ ಮಟ್ಟಿಗೆ ಒಂಟಿಯಾಗಿ ಸಾಲದು. ಅದು ಲಿಸ್ಟೀರಿಯದಂಥ ಗ್ರಾಮ್-ಧನ ಜೀವಿಗಳ ವೈರಿ; ಇಲ್ಲಿನ ಮುಖ್ಯ ಉಪದ್ರವಿ ಸ್ಯೂಡೋಮೊನಾಸ್ ಗ್ರಾಮ್-ಋಣ.

ಎಣ್ಣೆಗಳ ದೊಡ್ಡ ತೊಡಕು ವಾಸನೆ. ಬ್ಯಾಕ್ಟೀರಿಯವನ್ನು ಹತ್ತಿಕ್ಕುವಷ್ಟು ಬೆರೆಸಿದರೆ ಮಾಂಸದ ರುಚಿಯೇ ಮರೆಯಾಗುತ್ತದೆ. ಲವಂಗ, ಚಕ್ಕೆ ಅರೆದೇ ಕೋಳಿಸಾರು ಮಾಡುವ ಅಡುಗೆಮನೆಯಲ್ಲಿ ಇದು ದೋಷವೆನಿಸದಿರಬಹುದು. ಆದರೆ ಕಣ್ಣೆದುರೇ ಕತ್ತರಿಸಿಕೊಟ್ಟು ಅಂದೇ ಒಲೆಯೇರುವ ಕೋಳಿಗೆ ಲೇಪನದ ಅಗತ್ಯವೇ ಇಲ್ಲ. ಅದರ ಪ್ರಯೋಜನವಿರುವುದು ಟ್ರೇಗಳಲ್ಲಿ ತಂಪಾಗಿಟ್ಟು ಮಾರುವ ಮಾಂಸಕ್ಕೆ. ಅಲ್ಲೂ 4 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇರದ ತಂಪು ತಪ್ಪಿದರೆ ಯಾವ ಪೊರೆಯೂ ಕಾಯದು. ರೋಗಕಾರಕ ಸಾಲ್ಮೊನೆಲ್ಲ ಬ್ಯಾಕ್ಟೀರಿಯ ಲೇಪನದಿಂದ ಪೂರ್ತಿ ಅಳಿಯುವುದಿಲ್ಲವಾದ್ದರಿಂದ ಲೇಪಿಸಿದ ಮಾಂಸವನ್ನೂ ಒಳಭಾಗ 74 ಡಿಗ್ರಿ ಮುಟ್ಟುವವರೆಗೆ ಬೇಯಿಸಬೇಕು. ಸೀಗಡಿ, ಏಡಿ ಒಗ್ಗದವರನ್ನು ಗಮನದಲ್ಲಿಟ್ಟು ಆಸ್ಪರ್ಜಿಲಸ್ ನೈಜರ್ ಶಿಲೀಂಧ್ರದಿಂದಲೂ ಕೈಟೋಸಾನ್ ತಯಾರಾಗುತ್ತಿದೆ.