ಪ್ರಾಗ್ ನಗರದ ನೆಲದಲ್ಲಿ

ಪ್ರಾಗ್ ನಗರದಲ್ಲಿ ದಿನವಿಡೀ ನಡೆದಾಡಿದೆ. ಗೋಪುರಗಳನ್ನು ನೋಡುತ್ತ ಸಾಗಿದ ನನ್ನನ್ನು ತಡೆದು ನಿಲ್ಲಿಸಿದ್ದು ನೆಲ. ಹಳೆಯ ಪಟ್ಟಣದ ಪುರಭವನದ ಪಕ್ಕದಲ್ಲಿ, ಕಲ್ಲುಹಾಸಿನೊಳಗೆ 27 ಬಿಳಿಯ ಶಿಲುಬೆಗಳಿವೆ. 1620ರ ಬಿಳಿಬೆಟ್ಟದ ಯುದ್ಧದಲ್ಲಿ ಬೊಹೀಮಿಯದ ದಂಗೆ ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯೆದುರು ಸೋತಿತು. ಅದರ 27 ಮುಖಂಡರಿಗೆ 1621ರ ಜೂನ್ 21ರಂದು ಮರಣದಂಡನೆಯಾದದ್ದು ಇಲ್ಲಿಯೇ. ಅವರಲ್ಲಿ ವೈದ್ಯ ಯಾನ್ ಯೆಸ್ಸೆನಿಯಸ್ ಒಬ್ಬರು. ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದವರು, 1600ರಲ್ಲಿ ಇದೇ ನಗರದಲ್ಲಿ ಜನರೆದುರು ಶವಚ್ಛೇದನ ಮಾಡಿ ದೇಹದ ರಚನೆಯನ್ನು ವಿವರಿಸಿದವರು.

ಅಲ್ಲಿಂದ ಚಾರ್ಲ್ಸ್ ಸೇತುವೆಗೆ ಕೆಲವೇ ನಿಮಿಷಗಳ ದಾರಿ. ಸೇತುವೆಯ ಗೋಪುರಕ್ಕೆ 12 ಮಂದಿಯ ತಲೆಗಳನ್ನು ತೂಗುಹಾಕಿದ್ದರು. ಊರನ್ನು ಹೆದರಿಸಲೆಂದು ಎತ್ತರದಲ್ಲಿಟ್ಟ ಆ ತಲೆಗಳಲ್ಲಿ ಹೆಚ್ಚಿನವು 1631ರಲ್ಲಿ ಕೆಳಗಿಳಿದವು. ನೆಲದ ಶಿಲುಬೆಗಳು ಇಂದಿಗೂ ಇವೆ; ಅವನ್ನು ಕಾಣಬೇಕಾದರೆ ಯಾರಾದರೂ ತಲೆಬಾಗಲೇಬೇಕು.