ಎರಡನೇ ಆಂಪ್ ಟೆಂಪೋದಲ್ಲೇ ಇತ್ತು: ನಮ್ಮ ಮೈಕ್ ಸೆಟ್ ಇತಿಹಾಸ, 5 ಭಾಗಗಳಲ್ಲಿ

ಭಾಗ 1/5

ಫೋಟೋದಲ್ಲಿ ಇರೋದು ಸೌಂಡ್ ರ‍್ಯಾಕ್‌ನ ಹಿಂಭಾಗ. ಮುಂಭಾಗದಲ್ಲಿ ಲೈಟ್ ಉರೀತಾವೆ ಅಂತ ಎಲ್ರೂ ಆ ಕಡೆದೇ ಫೋಟೋ ಹಾಕ್ತಾರೆ. ಈ ಸಲ ಹಿಂದಗಡೆ ನೋಡೋಣ.

ಹೋದ ವರ್ಷ ದುದ್ದ ಹತ್ರ ಒಂದು ಊರಲ್ಲಿ ಪೌರಾಣಿಕ ನಾಟಕ. ಸೌಂಡ್‌ನೋರ ಜೊತೆ ವೈರ್ ಎಳೆಯೋಕೆ ನಾನೂ ಹೋಗಿದ್ದೆ. ದುರ್ಯೋಧನನ ಪಾತ್ರ ಮಾಡ್ತಿದ್ದವರು ಒಬ್ಬ ರೈತರು. ನಮ್ ಕಡೆ ಪದ್ಧತಿ ನಿಮಗೆ ಗೊತ್ತೇ ಇದೆ: ಪಾತ್ರ ಮಾಡೋರೇ ದುಡ್ಡು ಹಾಕಬೇಕು, ಪಾತ್ರ ದೊಡ್ಡದಾದಷ್ಟು ದುಡ್ಡೂ ದೊಡ್ಡದು. ಅದರ ಮೇಲೆ ಮೇಷ್ಟ್ರ ಹಾರ್ಮೋನಿಯಂ ಮುಂದೆ ತಿಂಗಳುಗಟ್ಟಲೆ ಪ್ರಾಕ್ಟೀಸು. ಅವರ ಮೊದಲನೇ ಹಾಡು ಶುರುವಾಯ್ತು, ಆಂಪ್ ಸತ್ತೋಯ್ತು. ಸ್ಟೇಜ್ ಮೇಲೆ ಬಾಯಿ ಆಡ್ತಿದೆ, ಹಿಂದೆ ಕೂತೋರಿಗೆ ಏನೂ ಕೇಳ್ತಿಲ್ಲ.

ಇನ್ನೊಂದು ಆಂಪ್ ಟೆಂಪೋದಲ್ಲೇ ಇತ್ತು. ಅದನ್ನ ಇಳಿಸಿ, ಸರಿಯಾದ ಕೇಬಲ್ ಹುಡುಕಿ, ಜೋಡಿಸೋ ಹೊತ್ತಿಗೆ ಆ ಸೀನೇ ಮುಗಿದಿತ್ತು. ಅವರು ಬೈಲಿಲ್ಲ. "ಓಗ್ಲಿ ಬುಡು ಮಗ, ಮುಂದಿನ್ ವರ್ಷ ಆಡವ" ಅಂದ್ರು. ಬೈದಿದ್ರೆ ಮರೆತುಬಿಡ್ತಿದ್ದೆನೇನೋ.

ಸ್ಪೇರ್ ಆಂಪ್ ಇದ್ದೂ ಯಾಕೆ ಕೆಲಸಕ್ಕೆ ಬರಲಿಲ್ಲ? ಉತ್ತರ ಹುಡುಕ್ತಾ ಹೋದ್ರೆ ನೂರು ವರ್ಷ ಹಿಂದಕ್ಕೆ ಹೋಗಬೇಕಾಯ್ತು.

ಭಾಗ 2/5: ಗಂಟಲಿಂದ ವಾಲ್ವ್‌ಗೆ

ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ. ಆಗ ಮೈಕೇ ಇಲ್ಲ. ನಟನ ಗಂಟಲೇ ಸೌಂಡ್ ಸಿಸ್ಟಮ್. ಕೊನೇ ಸಾಲಿಗೆ ಕೇಳೋ ಹಾಗೆ ಹಾಡೋಕೆ ಆಗದಿದ್ರೆ ದೊಡ್ಡ ಪಾತ್ರದ ಆಸೆ ಬಿಡಬೇಕಿತ್ತು.

ಅಮೆರಿಕದಲ್ಲಿ ಜೆನ್ಸೆನ್ ಮತ್ತು ಪ್ರಿಡಮ್ ಅನ್ನೋ ಇಬ್ಬರು 1915ರಲ್ಲಿ ಧ್ವನಿವರ್ಧಕವನ್ನ ಜನರ ಮುಂದೆ ಕೇಳಿಸಿದ್ರು. 1919ರಲ್ಲಿ ಸ್ಯಾನ್ ಡಿಯೇಗೋ ಊರಿನ ಸ್ಟೇಡಿಯಂನಲ್ಲಿ ಅಧ್ಯಕ್ಷ ವಿಲ್ಸನ್ ಇದೇ ತರದ ಸಾಧನದಲ್ಲಿ ಸುಮಾರು 50,000 ಜನರಿಗೆ ಭಾಷಣ ಮಾಡಿದ್ರು.

ಆ ಕಾಲದ ಆಂಪ್ಲಿಫೈಯರ್ ಒಳಗಡೆ ಇದ್ದಿದ್ದು ವಾಲ್ವ್. ನೋಡೋಕೆ ಬಲ್ಬ್ ತರ, ಒಳಗಿನ ತಂತಿ ಕಾದ್ರೇನೇ ಕೆಲಸ. ಬಲ್ಬ್ ತರಾನೇ ಒಂದಿನ ಸುಟ್ಟೂ ಹೋಗುತ್ತೆ. ಅದಕ್ಕೇ ಅದನ್ನ ಸೋಲ್ಡರ್ ಮಾಡ್ದೆ ಸಾಕೆಟ್‌ಗೆ ಸಿಕ್ಕಿಸ್ತಿದ್ರು. ಹಳೇದನ್ನ ಕಿತ್ತು ಹೊಸದನ್ನ ಒತ್ತಿದ್ರೆ ಮುಗೀತು. ಇದನ್ನ ಗಮನಿಸಿ: ಹಾಳಾಗುತ್ತೆ ಅನ್ನೋದನ್ನ ಮೊದಲೇ ಒಪ್ಪಿಕೊಂಡು, ಬದಲಿ ಕೂರೋಕೆ ಜಾಗ ಮಾಡಿದ್ರು.

ಭಾಗ 3/5: ಕರೆಂಟ್ ಭಯದ ಕಾಲ

ನಮ್ಮ ಜಿಲ್ಲೆಗೆ ಬರೋಣ. ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ತಯಾರಾಯ್ತು. ಅದು ಹೋಗಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಸುತ್ತಮುತ್ತಲಿನ ಹಳ್ಳಿಗಳು ಮಾತ್ರ ಎಷ್ಟೋ ದಶಕ ಕಾಯಬೇಕಾಯ್ತು. ಕರೆಂಟ್ ಬಂದ ಮೇಲೂ ಅದು ಯಾವಾಗ ಹೋಗುತ್ತೆ ಅಂತ ಹೇಳೋಕಾಗ್ತಿರಲಿಲ್ಲ. ಈಗಲೂ ಅಷ್ಟೇ ಬಿಡಿ.

1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಇದಕ್ಕೆ ತಂತಿ ಕಾಯೋದು ಬೇಕಿಲ್ಲ, ಕಡಿಮೆ ವೋಲ್ಟ್ ಸಾಕು. ಅದರಿಂದ 12 ವೋಲ್ಟ್ ಬ್ಯಾಟರಿಯಲ್ಲೂ ಓಡೋ ಆಂಪ್‌ಗಳು ಬಂದ್ವು. ಮದುವೆ ಮನೆ, ಜಾತ್ರೆ, ಎಲೆಕ್ಷನ್ ಜೀಪು, ಎಲ್ಲಾ ಕಡೆ ಒಂದು ಆಂಪು, ಎರಡು ಹಾರ್ನು, ಒಂದು ಬ್ಯಾಟರಿ. ಆಂಪ್ ಹಿಂದೆ ಕರೆಂಟ್ ವೈರೂ ಇರುತ್ತೆ, ಬ್ಯಾಟರಿಗೆ ಕೆಂಪು ಕಪ್ಪು ಟರ್ಮಿನಲ್ಲೂ ಇರುತ್ತೆ. ಎರಡನ್ನೂ ಕಾರ್ಯಕ್ರಮಕ್ಕೆ ಮುಂಚೇನೇ ಜೋಡಿಸಿ ಇಡ್ತಿದ್ರು. ಕರೆಂಟ್ ಹೋದ್ರೂ ಮಾತು ನಿಲ್ತಿರಲಿಲ್ಲ.

ಆ ಹಳೇ ಮೈಕ್ ಸೆಟ್ಟೋರು ಯಾವುದಕ್ಕೆ ಹೆದರ್ತಿದ್ರೋ ಅದಕ್ಕೆ ಬದಲಿ ವ್ಯವಸ್ಥೆಯನ್ನ ವೈರ್ ಸಮೇತ ಇಟ್ಟಿದ್ರು. ನಾವು ಬದಲಿ ಆಂಪನ್ನ ಟೆಂಪೋದಲ್ಲಿ ಬಿಟ್ಟಿದ್ವಿ.

ಭಾಗ 4/5: ಒಂದು ಪೆಟ್ಟಿಗೆ ಹೋಗಿ ರ‍್ಯಾಕ್ ಬಂತು

ಹಾರ್ನ್ ಜಾಗಕ್ಕೆ ಟಾಪು, ಬೇಸು ಬಂದ್ವು. ಮಿಕ್ಸರ್‌ನಿಂದ ಬಂದ ಸೌಂಡನ್ನ ಕ್ರಾಸ್‌ಓವರ್ ಎರಡು ಭಾಗ ಮಾಡುತ್ತೆ: ದಪ್ಪ ಸದ್ದು ಬೇಸ್ ಆಂಪ್‌ಗೆ, ಮಿಕ್ಕಿದ್ದು ಟಾಪ್ ಆಂಪ್‌ಗೆ. ಸ್ಟೇಜ್ ಮಾನಿಟರ್‌ಗೆ ಇನ್ನೊಂದು. ಹೀಗೆ ಮೂರ್ನಾಲ್ಕು ಆಂಪ್ ಒಂದೇ ರ‍್ಯಾಕ್ ಸೇರಿದ್ವು.

ಆಂಪ್ ಜಾಸ್ತಿ ಇದ್ರೆ ಧೈರ್ಯ ಜಾಸ್ತಿ ಅನ್ಸುತ್ತೆ. ಆದ್ರೆ ನಮ್ಮ ನಾಟಕದ ದಿನ ಎಡಗಡೆ ಟಾಪು, ಬಲಗಡೆ ಟಾಪು ಎರಡೂ ಒಂದೇ ಆಂಪ್‌ನ ಎರಡು ಚಾನೆಲ್‌ನಲ್ಲಿದ್ವು. ಅದು ಸತ್ತಾಗ ಬೇಸ್ ಇನ್ನೂ ಗುಮ್ ಅಂತಿತ್ತು, ಹಾಡು ಮಾತ್ರ ಇಲ್ಲ. ಎಡಗಡೆ ಒಂದು ಆಂಪು, ಬಲಗಡೆ ಇನ್ನೊಂದು ಆಂಪು ಅಂತ ಹಂಚಿದ್ರೆ ಅರ್ಧ ಸೌಂಡಾದ್ರೂ ಉಳೀತಿತ್ತು. ಖರ್ಚು? ಎರಡು ಕೇಬಲ್ ಬದಲಿಸೋದು.

ದೊಡ್ಡ ಕಟ್ಟಡಗಳಲ್ಲಿ ಬೆಂಕಿ ಬಿದ್ದಾಗ ಎಚ್ಚರಿಸೋ ಸ್ಪೀಕರ್‌ಗಳಿಗೂ ಇದೇ ಉಪಾಯ ಮಾಡ್ತಾರೆ. ಪಕ್ಕಪಕ್ಕದ ಸ್ಪೀಕರ್‌ಗಳು ಬೇರೆ ಬೇರೆ ಆಂಪ್‌ಗೆ ಸೇರಿರ್ತಾವೆ. ಒಂದು ಆಂಪ್ ಹೋದ್ರೆ ಸೌಂಡ್ ಕಡಿಮೆ ಆಗುತ್ತೆ, ಪೂರ್ತಿ ನಿಲ್ಲಲ್ಲ.

ಭಾಗ 5/5: ಹಾಗಾದ್ರೆ ಹೇಗೆ ಜೋಡಿಸಬೇಕು?

ಈ ಒಂದು ವರ್ಷದಲ್ಲಿ ಸೌಂಡ್ ಕೆಲಸದ ಅಣ್ಣಂದಿರಿಂದ ಕಲಿತಿದ್ದು:

• ಸ್ಪೇರ್ ಆಂಪ್ ರ‍್ಯಾಕ್ ಒಳಗೇ ಇರಬೇಕು, ಆನ್ ಆಗಿರಬೇಕು, ವಾಲ್ಯೂಮ್ ಸೊನ್ನೆಯಲ್ಲಿರಬೇಕು.
• ಟಾಪ್ ಸಿಗ್ನಲ್ ಒಂದು, ಬೇಸ್ ಸಿಗ್ನಲ್ ಒಂದು, ಎರಡು ಕೇಬಲ್ ಸ್ಪೇರ್ ಹತ್ರ ಹೆಸರು ಬರೆದು ಇಟ್ಟಿರಬೇಕು. ಅದಲು ಬದಲಾಗಿ ಬೇಸ್ ಸಿಗ್ನಲ್ ಟಾಪ್‌ನ ಸಣ್ಣ ಡ್ರೈವರ್‌ಗೆ ಹೋದ್ರೆ ಅದೂ ಸುಟ್ಟೋಗುತ್ತೆ.
• ಎರಡು ಆಂಪ್‌ಗಳ ಔಟ್‌ಪುಟ್‌ನ ಯಾವತ್ತೂ ಒಟ್ಟಿಗೆ ಸೇರಿಸಬಾರದು, ಎರಡೂ ಹಾಳಾಗ್ತವೆ. ಸ್ಪೀಕರ್ ಕೇಬಲ್ ಹಳೇದರಿಂದ ಬಿಚ್ಚಿ ಆಮೇಲೇನೇ ಸ್ಪೇರ್‌ಗೆ ಹಾಕಬೇಕು.
• ಎರಡು 8 ಓಮ್ ಸ್ಪೀಕರ್ ಪ್ಯಾರಲಲ್ ಆದ್ರೆ 4 ಓಮ್. ಸ್ಪೇರ್ ಆಂಪ್ ಅದನ್ನ ತಡೆಯುತ್ತಾ ಅಂತ ಮೊದಲೇ ನೋಡಿರಬೇಕು.
• ಆಂಪ್ ಯಾಕೆ ಸತ್ತಿತು? ಸ್ಪೀಕರ್ ಕೇಬಲ್ ಶಾರ್ಟ್ ಆಗಿದ್ರೆ ಸ್ಪೇರೂ ಅದೇ ದಾರಿ ಹಿಡಿಯುತ್ತೆ. ಬದಲಿಸೋ ಮುಂಚೆ ಆ ಕೇಬಲ್ ನೋಡಿ.
• ಸ್ಪೇರ್‌ಗೆ ಬೇರೆ ಸಾಕೆಟ್, ಬೇರೆ ಎಂಸಿಬಿ. ಅದೇ ಎಂಸಿಬಿ ಬಿದ್ರೆ ಎರಡೂ ಒಟ್ಟಿಗೆ ಸಾಯ್ತವೆ.

ಬಿಕಾಂ ಲೆಕ್ಕದಲ್ಲಿ ಸ್ಪೇರ್ ಆಂಪ್ ಅಂದ್ರೆ ಸುಮ್ನೆ ಕೂತಿರೋ ಆಸ್ತಿ. ವರ್ಷವರ್ಷ ಸವಕಳಿ ಬರೀತಾರೆ, ದುಡಿಯೋದು ಕಾಣಲ್ಲ. ಅದಕ್ಕೇ ಅದನ್ನ ಇನ್ನೊಂದು ಮದುವೆಗೆ ಬಾಡಿಗೆಗೆ ಕಳಿಸಿಬಿಡೋ ಆಸೆ ಆಗುತ್ತೆ. ಮಾಲೀಕರ ಕಷ್ಟ ಅರ್ಥವಾಗುತ್ತೆ. ಆದ್ರೆ ಆ ರೈತರು ಹಾಕಿದ ದುಡ್ಡು, ಅಷ್ಟು ತಿಂಗಳ ಪ್ರಾಕ್ಟೀಸು ಯಾರ ಲೆಕ್ಕದ ಪುಸ್ತಕದಲ್ಲಿದೆ?

ಸಮಯಾನೂ ಮೊದಲಿನಷ್ಟಿಲ್ಲ. 2000ರ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಬಯಲಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕೋ ಹಾಗಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಸರ್ಕಾರ ವರ್ಷದಲ್ಲಿ ಹೆಚ್ಚು ಅಂದ್ರೆ 15 ದಿನ, ಅದೂ ರಾತ್ರಿ 12ರವರೆಗೆ ಸಡಿಲ ಕೊಡಬಹುದು. ಆಂಪ್ ಹುಡುಕೋದ್ರಲ್ಲಿ ಹೋದ ಇಪ್ಪತ್ತು ನಿಮಿಷ ಮತ್ತೆ ಸಿಗಲ್ಲ.

ಈ ವರ್ಷ ಅದೇ ಊರಲ್ಲಿ ಮತ್ತೆ ನಾಟಕ ಇದೆ. ಅವರೇ ದುರ್ಯೋಧನ. ಮೊದಲನೇ ಫೋಟೋದಲ್ಲಿ ಕೆಳಗಿನ ಸಾಲಲ್ಲಿ ಹಳದಿ ಟೇಪ್ ಸುತ್ತಿರೋ ಎರಡು ಕೇಬಲ್ ಕಾಣ್ತಿದೆಯಲ್ಲ, ಅದು ಸ್ಪೇರ್‌ದು. ಟೇಪ್ ಸುತ್ತಿದ್ದು ನಾನು.

ನಿಮ್ಮ ಮನೇಲಿ ಹಳೇ ಮೈಕ್ ಸೆಟ್, ಹಾರ್ನ್, ವಾಲ್ವ್ ಆಂಪ್ ಫೋಟೋ ಇದ್ರೆ ಕಳಿಸಿ. ತಾತನ ಹತ್ರ ಕೇಳಿ, ಕಥೆ ಖಂಡಿತ ಇರುತ್ತೆ.

#ದುದ್ದ #ಮಂಡ್ಯ #ಮೈಕ್‌ಸೆಟ್ #ಪೌರಾಣಿಕನಾಟಕ