ಗಾಳಿಗೆ ಬಗ್ಗದ ಪದ್ಮಿನಿ



ಜೋಗೇಶ್ವರಿಯ ಚಾಳಿನ ಮುಂದೆ ಕರಿ-ಹಳದಿ ಟ್ಯಾಕ್ಸಿ ಬಂದು ನಿಂತಿತೆಂದರೆ ಯಾರೋ ಊರಿಗೆ ಹೊರಟರೆಂದೇ ಅರ್ಥ. ದಿನನಿತ್ಯದ ಓಡಾಟಕ್ಕೆ ನಮಗೆ ರಿಕ್ಷಾ ಸಾಕು. ಟ್ಯಾಕ್ಸಿ ಬೇಕಾಗುತ್ತಿದ್ದುದು ಟ್ರಂಕು, ಹಾಸಿಗೆ ಸುರುಳಿ, ಅಜ್ಜಿ, ಮಕ್ಕಳು ಎಲ್ಲ ಒಟ್ಟಿಗೆ ಹೊರಡುವ ದಿನ. ಡ್ರೈವರು ನೆತ್ತಿಯ ಕ್ಯಾರಿಯರ್ ಮೇಲೆ ಸಾಮಾನು ಏರಿಸಿ ಹಗ್ಗ ಬಿಗಿಯುತ್ತಿದ್ದ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಕರಾವಳಿಯ ನಮ್ಮವರೆಲ್ಲ ಕುರ್ಲಾ ಟರ್ಮಿನಸ್ಸಿಗೆ ಹೋಗಿ ಮತ್ಸ್ಯಗಂಧ ಹಿಡಿಯತೊಡಗಿದರು. ತಿರುಗಿ ಬರುವಾಗ ಅದೇ ಕ್ಯಾರಿಯರ್ ಮೇಲೆ ಕುಚ್ಚಲಕ್ಕಿ ಚೀಲ, ಹಲಸಿನಹಣ್ಣು!

ಆ ಟ್ಯಾಕ್ಸಿ, ಅಂದರೆ ಪ್ರೀಮಿಯರ್ ಪದ್ಮಿನಿ, ಹುಟ್ಟಿದ್ದೂ ಅದೇ ಕುರ್ಲಾದಲ್ಲಿ. ಚೌಕ ಮುಖ, ಚೌಕ ಬೆನ್ನು, ಮೇಲೊಂದು ಕಬ್ಬಿಣದ ಮಂಚ. ಗಾಳಿಯನ್ನು ಸೀಳಿಕೊಂಡು ಹೋಗುವ ಲಕ್ಷಣ ಅದರಲ್ಲಿ ಒಂದೂ ಇಲ್ಲ. ಆದರೆ ಅದರ ವಂಶಾವಳಿ ಕೆದಕಿದರೆ ಆಶ್ಚರ್ಯ ಕಾದಿದೆ. ಗಾಳಿ ಸುರಂಗದಲ್ಲಿಟ್ಟು ಪರೀಕ್ಷಿಸಿದ ಪ್ರಪಂಚದ ಮೊದಲ ಕಾರುಗಳಲ್ಲಿ ಒಂದು, ಇದರ ಮನೆತನದ್ದೇ.

ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. 1921ರಲ್ಲಿ ಬರ್ಲಿನ್ ಮೋಟಾರು ಪ್ರದರ್ಶನದಲ್ಲಿ ಎಡ್ಮಂಡ್ ರುಂಪ್ಲರ್ ಎಂಬ ವಿಮಾನ ತಯಾರಕ ಹನಿಯಾಕಾರದ ಕಾರೊಂದನ್ನು ತಂದಿಟ್ಟ. ಜನ ಬೆರಗಾಗಿ ನೋಡಿದರು, ಕೊಂಡವರು ಕಡಿಮೆ. ನೋಟ ವಿಚಿತ್ರ, ಎಂಜಿನ್ ಬಿಸಿಯಾಗುವ ಕಾಟ, ಎಲ್ಲಕ್ಕಿಂತ ಮುಖ್ಯವಾಗಿ ಸಾಮಾನು ಇಡಲು ಜಾಗವೇ ಇರಲಿಲ್ಲ! ಆದರೂ ಒಳಗೆ ಎತ್ತರವಾಗಿ, ಹತ್ತಿ ಇಳಿಯಲು ಸಲೀಸಾಗಿದ್ದುದರಿಂದ ಬರ್ಲಿನ್ನಿನಲ್ಲಿ ಕೆಲವು ಟ್ಯಾಕ್ಸಿಯಾಗಿ ಓಡಿದವು. 1979ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯವರು ಉಳಿದಿದ್ದ ಒಂದನ್ನು ತಮ್ಮ ಗಾಳಿ ಸುರಂಗದಲ್ಲಿ ನಿಲ್ಲಿಸಿ ಅಳೆದಾಗ ಗಾಳಿಯ ತಡೆಯ ಗುಣಾಂಕ 0.28 ಬಂತು. ಆ ಕಾಲದ ಹೊಸ ಕಾರುಗಳಿಗೂ ಸುಲಭಕ್ಕೆ ಸಿಗದ ಅಂಕಿ ಅದು.

ಗುಟ್ಟು ಎಲ್ಲಿದೆ? ಮೂತಿ ಚೂಪಾದರೆ ಗಾಳಿ ಸೀಳುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ನಿಜವಾದ ಕೆಲಸ ಬಾಲದ್ದು. ಮಾರ್ಕೆಟ್ಟಿನಲ್ಲಿ ಬಂಗುಡೆಯನ್ನು ನೋಡಿ (ತಿನ್ನದವರು ನೋಡಿದರೆ ಸಾಕು!). ಮುಂದೆ ದುಂಡು, ಹಿಂದೆ ಹಿಂದಕ್ಕೆ ಸಪೂರ. ಬಾಲದ ಕಡೆ ಮೆಲ್ಲಗೆ ಇಳಿದರೆ ನೀರಾಗಲಿ ಗಾಳಿಯಾಗಲಿ ಮೈಗಂಟಿಕೊಂಡೇ ಹಿಂದೆ ಕೂಡಿಕೊಳ್ಳುತ್ತದೆ. ಥಟ್ಟನೆ ಕತ್ತರಿಸಿದಂತಿದ್ದರೆ ಗಾಳಿ ಮೈಬಿಟ್ಟು ಸುಳಿಯಾಗುತ್ತದೆ, ಅಲ್ಲಿ ಒತ್ತಡ ಇಳಿದು ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ. ಬೆಸ್ಟ್ ಬಸ್ಸು ಮುಂದೆ ಹೋದ ಮೇಲೆ ಕಾಗದದ ಚೂರು, ಧೂಳು ಅದರ ಬೆನ್ನಟ್ಟಿ ಗಿರಗಿರ ತಿರುಗುವುದನ್ನು ನೋಡಿದ್ದೀರಲ್ಲ, ಅದೇ ಸುಳಿ. ಮಳೆಗಾಲದಲ್ಲಿ ಬೆನ್ನು ಮೋಟಾದ ಕಾರುಗಳ ಹಿಂಗಾಜಿಗೆ ಕೆಸರು ಮೆತ್ತುವುದೂ ಅದರಿಂದಲೇ. ಅಂಥ ಕಾರುಗಳಿಗೆ ಹಿಂದೆಯೂ ಒಂದು ವೈಪರ್ ಕೊಡುವುದು ಸುಮ್ಮನೆ ಅಲ್ಲ.

1934ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ಇದೇ ಶಾಸ್ತ್ರವನ್ನು ನೆಚ್ಚಿ ಏರ್‌ಫ್ಲೋ ಕಾರು ತಂದಿತು. ಅಂದಿನ ಸಾಮಾನ್ಯ ಕಾರುಗಳು ಮುಂದಕ್ಕಿಂತ ಹಿಮ್ಮುಖವಾಗಿ ಓಡಿದರೇ ಗಾಳಿಯ ತಡೆ ಕಡಿಮೆ ಎಂಬುದು ಅವರ ಎಂಜಿನಿಯರುಗಳು ಕಂಡುಕೊಂಡ ಸಂಗತಿ! ಪಾಪ, ಜನಕ್ಕೆ ಅದರ ಮೋರೆ ಹಿಡಿಸಲಿಲ್ಲ. 1937ಕ್ಕೆ ನಿಲ್ಲಿಸಿದರು. ಅತ್ತ ಇಟಲಿಯಲ್ಲಿ 1935ರಲ್ಲಿ ಫಿಯೆಟ್ 1500 ಬಂತು. ನಾನು ಹೇಳಿದ ಗಾಳಿ ಸುರಂಗದ ಕಾರು ಇದೇ. 1937ರ ಸಣ್ಣ ಫಿಯೆಟ್ 1100 ಅದರ ನುಣುಪು ಮೈಯನ್ನೇ ಪಡೆಯಿತು.

ಈಗ ನಮ್ಮ ಕುರ್ಲಾಕ್ಕೆ ಬರೋಣ. ವಾಲ್‌ಚಂದ್ ಹೀರಾಚಂದ್ ಹೆಸರು ಕೇಳಿರುತ್ತೀರಿ. 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರು ಮಾಡಿದ ಸಾಹಸಿ ಅವರೇ, 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದವರೂ ಅವರೇ. ವಿಮಾನ ಬೆಂಗಳೂರಿಗೆ, ಕಾರು ಬೊಂಬಾಯಿಗೆ! ಗಾಳಿಯ ಶಾಸ್ತ್ರವೂ ವಿಮಾನದ ಜೊತೆ ಬೆಂಗಳೂರಿಗೇ ಹೋಯಿತೆನ್ನಬಹುದು. 1942ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ತೆರೆಯಿತು. ಗಾಳಿ ಮೈಯುಜ್ಜುವ ಬಲವನ್ನು ಅಮೆರಿಕದಲ್ಲಿ ನೇರವಾಗಿ ಅಳೆದು ತೋರಿಸಿದ್ದ ಸತೀಶ್ ಧವನ್ 1951ರಲ್ಲಿ ಅಲ್ಲಿಗೆ ಬಂದರು. ಅವರ ಕೈಕೆಳಗೆ ತಯಾರಾದವರು ನಮ್ಮ ರೊದ್ದಂ ನರಸಿಂಹ. ಮೈಗಂಟಿದ ಗಾಳಿಯ ಪದರ ಶಾಂತವಾಗಿ ಹರಿಯುತ್ತಿದ್ದದ್ದು ಹೇಗೆ ಕದಡುತ್ತದೆ ಎಂಬ ಬಗ್ಗೆ ಇಬ್ಬರೂ ಸೇರಿ 1958ರಲ್ಲಿ ಬರೆದ ಪ್ರಬಂಧ ಜಗತ್ತಿನ ವಿದ್ವಾಂಸರ ಗಮನ ಸೆಳೆಯಿತು.

ಕುರ್ಲಾಕ್ಕೆ ಬಂದದ್ದು ಮಾತ್ರ ಪೆಟ್ಟಿಗೆ. 1953ರಲ್ಲಿ ಫಿಯೆಟ್ ತನ್ನ 1100ಕ್ಕೆ ಹೊಸ ಮೈ ಕೊಟ್ಟಾಗ ಇಳಿಜಾರು ಬೆನ್ನನ್ನು ಕೈಬಿಟ್ಟು ಹಿಂದೆ ಡಿಕ್ಕಿ ಇಟ್ಟಿತು. ಅದರ 1962ರ ರೂಪ 1964ರಿಂದ ನಮ್ಮಲ್ಲಿ ತಯಾರಾಯಿತು. 1974ರಲ್ಲಿ ಪದ್ಮಿನಿ ಎಂಬ ಹೆಸರು. ರುಂಪ್ಲರನ ಕಾರಿಗೆ ಇಲ್ಲದ ಸಾಮಾನಿನ ಜಾಗ ಇದಕ್ಕಿತ್ತು, ಅದೂ ಸಾಲದೆಂದು ನೆತ್ತಿಯ ಮೇಲೆ ಕ್ಯಾರಿಯರ್.

ಹಾಗಾದರೆ ಪದ್ಮಿನಿ ಹಿಂದುಳಿದ ಕಾರೇ? ಹಾಗೆ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಸ್ಥೂಲ ಲೆಕ್ಕ ನೋಡಿ. ಅಂಥ ಚೌಕ ಕಾರಿನ ತಡೆಯ ಗುಣಾಂಕ 0.5, ಎದುರಿನ ವಿಸ್ತಾರ 1.8 ಚದರ ಮೀಟರ್, ಜನ ಸಾಮಾನು ಸೇರಿ ತೂಕ 1,200 ಕಿಲೋ ಎಂದಿಟ್ಟುಕೊಳ್ಳೋಣ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಗಾಳಿ ಹಿಂದಕ್ಕೆ ನೂಕುವ ಬಲ 2 ಕಿಲೋ ತೂಕದಷ್ಟೂ ಇಲ್ಲ. ಟೈರುಗಳು ಉರುಳುವುದಕ್ಕೇ ಸುಮಾರು 14 ಕಿಲೋ ಬೇಕು. ಅಂದರೆ ಗಾಳಿ ಲೆಕ್ಕಕ್ಕೇ ಇಲ್ಲ. ವೇಗ 80 ಆದರೆ? ವೇಗ ನಾಲ್ಕು ಪಟ್ಟು, ಗಾಳಿಯ ತಡೆ ಹದಿನಾರು ಪಟ್ಟು! 27 ಕಿಲೋ. ಟೈರು ಅದೇ 14ರ ಆಸುಪಾಸು. ಸುಮಾರು 60ರ ವೇಗದಲ್ಲಿ ಗಾಳಿಯೂ ಟೈರೂ ಸಮಸಮ.

ಈಗ ಹೇಳಿ, ಜೋಗೇಶ್ವರಿಯ ಸಿಗ್ನಲ್ಲಿನಿಂದ ಅಂಧೇರಿ ತನಕ ಸಂಜೆ ಆರರ ಹೊತ್ತಿಗೆ 60ರಲ್ಲಿ ಹೋದವರು ನಿಮ್ಮಲ್ಲಿ ಯಾರಿದ್ದಾರೆ? ನಮ್ಮ ಟ್ಯಾಕ್ಸಿಯವನ ಪೆಟ್ರೋಲು ತಿಂದದ್ದು ಗಾಳಿಯಲ್ಲ. ನಿಲ್ಲು-ಹೊರಡು, ನಿಲ್ಲು-ಹೊರಡು, ಅದು. ಬಂಗುಡೆಯ ಮೈ ಕೊಟ್ಟಿದ್ದರೂ ಅವನಿಗೆ ಹತ್ತು ಪೈಸೆ ಉಳಿಯುತ್ತಿರಲಿಲ್ಲ, ಅಜ್ಜಿಯ ಟ್ರಂಕು ಮಾತ್ರ ಫುಟ್‌ಪಾತಿನಲ್ಲೇ ಉಳಿಯುತ್ತಿತ್ತು.

ಆದರೆ ಅದೇ ಕಾರನ್ನು ಘಟ್ಟ ಹತ್ತಿಸಿ ಬೆಂಗಳೂರಿನ ಹೆದ್ದಾರಿಗೆ ಬಿಟ್ಟರೆ ಮಾತೇ ಬೇರೆ. ವೇಗ ಇಮ್ಮಡಿಯಾದರೆ ಗಾಳಿಯನ್ನು ತಳ್ಳಲು ಎಂಜಿನಿನಿಂದ ಎಂಟು ಪಟ್ಟು ಶಕ್ತಿ ಹೋಗುತ್ತದೆ. ಪದ್ಮಿನಿಯ 1,089 ಸಿಸಿ ಎಂಜಿನ್ನಿಗೆ ಇದ್ದದ್ದು ಸುಮಾರು 40 ಕುದುರೆ. 80 ದಾಟಿದರೆ ಅದು ಏದುಸಿರು ಬಿಡುತ್ತಿದ್ದುದರಲ್ಲಿ ಗಾಳಿಯ ಪಾಲು ದೊಡ್ಡದು. 1973ರ ತೈಲ ಬಿಕ್ಕಟ್ಟಿನ ನಂತರ, ಹೆದ್ದಾರಿಯ ಓಟ ಹೆಚ್ಚಿದ್ದ ಯುರೋಪಿನಲ್ಲಿ ಕಾರುಗಳು ಮತ್ತೆ ನುಣುಪಾದದ್ದು ಈ ಕಾರಣಕ್ಕೇ. 1982ರ ಆಡಿ 100, 0.30ಕ್ಕೆ ಇಳಿಯಿತು. ಬಂಗುಡೆಯಷ್ಟು ಉದ್ದ ಬಾಲ ಬೇಕಿಲ್ಲ, ಸರಿಯಾದ ಕಡೆ ಕತ್ತರಿಸಿದರೂ ಬಹುಪಾಲು ಲಾಭ ಉಳಿಯುತ್ತದೆ ಎಂದು ಜರ್ಮನಿಯ ವುನಿಬಾಲ್ಡ್ ಕಾಮ್ 1930ರ ದಶಕದಲ್ಲೇ ತೋರಿಸಿದ್ದರು. ಈಗಿನ ಎಲೆಕ್ಟ್ರಿಕ್ ಕಾರುಗಳಿಗಂತೂ ಇದು ಜೀವಾಳ, ಗಾಳಿ ಕಡಿಮೆ ತಡೆದಷ್ಟೂ ಒಂದು ಚಾರ್ಜಿನಲ್ಲಿ ಹೆಚ್ಚು ದೂರ. 2022ರಿಂದ ಪುಣೆ ಹತ್ತಿರದ ಚಾಕಣದಲ್ಲಿ ಜೋಡಣೆಯಾದ ಮರ್ಸಿಡಿಸ್ ಇಕ್ಯೂಎಸ್ ಗುಣಾಂಕ 0.20. ಅದರ ನೆತ್ತಿಗೆ ಹಗ್ಗ ಕಟ್ಟುವ ಧೈರ್ಯ ಯಾರಿಗಿದೆ!

ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 20 ವರ್ಷದ ವಯೋಮಿತಿ ಮುಗಿಸಿ 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಇಳಿಯಿತು. ಅದರ ಜಾಗಕ್ಕೆ ಬಂದ ಹಲವು ಟ್ಯಾಕ್ಸಿಗಳ ನೆತ್ತಿಯಲ್ಲೂ ಕ್ಯಾರಿಯರ್ ಇದೆ. ಊರೊಳಗೆ ಅದರಿಂದ ನಷ್ಟವಿಲ್ಲವೆಂದು ಲೆಕ್ಕ ನೋಡಿದೆವಲ್ಲ. ಸ್ವಂತ ಕಾರಿನಲ್ಲಿ ಹೆದ್ದಾರಿ ಹಿಡಿದು ಊರಿಗೆ ಹೊರಟವರು ಮಾತ್ರ ಖಾಲಿ ಕ್ಯಾರಿಯರ್ ಇದ್ದರೆ ಬಿಚ್ಚಿ ಮನೆಯಲ್ಲಿಡಿ. ಬರುವಾಗ ಹಲಸಿನಹಣ್ಣು ತರುವುದಿದ್ದರೆ, ಅದು ಬೇರೆ ವಿಷಯ.